ಎಡಗಾಲಿಗೆ ಕೆಂಪು ದಾರ

ನಮ್ಮ ಉಮದಿಯ ಬಸ್ ನಿಲ್ದಾಣದ ಎದುರು ಚಹಾ ಕುಡಿಯುತ್ತ ಕೂತವರ ನಡುವೆ ಆ ಹುಡುಗಿಯ ಮಾತು ಬಂದರೆ, ಇವತ್ತಿಗೂ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: “ಅಕಿ ಎಡಗಾಲು ಮೊದಲ ಕಚ್ಚಾ ಇತ್ತು ನೋಡ್ರಿ. ಆಮ್ಯಾಲ ಛಲೋ ಆತು.”

ಆ ಕಾಲು ಯಾವತ್ತೂ ಕಚ್ಚಾ ಇರಲಿಲ್ಲ. ಆ ಮಾತು ಹುಟ್ಟಿಸಿದವನು ನಾನು. ನನಗೀಗ ಎಪ್ಪತ್ತು ದಾಟಿದೆ. ಇನ್ನೂ ಮುಚ್ಚಿಟ್ಟುಕೊಂಡು ಕೂಡುವುದು ಆಗದು, ಅದಕ್ಕೇ ಬರೆಯುತ್ತಿದ್ದೇನೆ. ಆದರೆ ಮೊದಲೇ ಒಂದು ಹೇಳಿಬಿಡುತ್ತೇನೆ. ತಪ್ಪು ಒಪ್ಪಿಕೊಳ್ಳಲು ಕೂತರೂ ಆ ದಿನಗಳು ನೆನಪಾದ ಕೂಡಲೇ ಮೈಯಲ್ಲಿ ಹುರುಪು ಏರುತ್ತದೆ. ಏನು ಮಾಡಲಿ? ಅಂಥ ಮೇ ತಿಂಗಳು ನನ್ನ ಬದುಕಿನಲ್ಲಿ ಎರಡೇ ಬಂದವು.

ನಾನು ಬಡಿಗ. ಜತ್ತದ ಕನ್ನಡ ಸಾಲಿಯಲ್ಲಿ ಹತ್ತನೆಯ ಇಯತ್ತೆ ಮುಗಿಸಿ ಅಪ್ಪನ ಉಳಿ ಹಿಡಿದವನು. ಕೂರಿಗೆ, ಕುಂಟೆ, ನೊಗ, ಚಕ್ಕಡಿ, ಇವೇ ನನ್ನ ಕೆಲಸ. ಬೆಳುಂಕಿಯಿಂದ, ಮುಚ್ಚಂಡಿಯಿಂದ ರೈತರು ನೊಗ ಮಾಡಿಸಲು ನನ್ನ ಕಟ್ಟೆಗೆ ಬರುತ್ತಿದ್ದರು. ತೊಂಬತ್ತರ ಹೊತ್ತಿಗೆ ಟೈರಿನ ಗಾಡಿ ಬಂದವು, ಕಟ್ಟಿಗೆಯ ಗಾಲಿ ಕೇಳುವವರು ಕಡಿಮೆಯಾದರು. ಆಗ ನಮ್ಮ ಪಕ್ಕದ ಮನೆಯವರು ನನ್ನನ್ನು ಹಿಮಾಚಲಕ್ಕೆ ಕರೆದುಕೊಂಡು ಹೋದರು. ಅವರದು ಹಳೆಯ ಬಂಗಾರ, ಬೆಳ್ಳಿ ಕರಗಿಸಿ ಶುದ್ಧ ಮಾಡುವ ಗಲಾಯಿ ಕೆಲಸ. ನಮ್ಮ ಸಾಂಗ್ಲಿ ಜಿಲ್ಲೆಯ ಗಲಾಯಿಯವರು ದೇಶದ ಯಾವ ಮೂಲೆಯಲ್ಲಿ ಇಲ್ಲ ಹೇಳಿ? ಅವರ ಅಂಗಡಿ ಇದ್ದದ್ದು ಹಿಮ ಬೀಳುವ ಊರಿನಲ್ಲಿ. ಅಂಗಡಿಗೆ ಕಪಾಟು ಮಾಡಿಕೊಟ್ಟು ಬರಲು ಹೋದವನು ನಾನು. ಹೋದದ್ದು ಒಂದು ತಿಂಗಳಿಗೆ, ಹೋಗಿಬಂದದ್ದು ಒಂಬತ್ತು ಚಳಿಗಾಲ.

ಕಾರಣ ಸ್ಕೀ, ಹಿಮದ ಮೇಲೆ ಜಾರಲು ಎರಡೂ ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ ಹಲಗೆ. ಗಲಾಯಿ ಅಂಗಡಿಯ ಕೆಳಗೇ ಸ್ಕೀ ಬಾಡಿಗೆಗೆ ಕೊಡುವ ಅಂಗಡಿ ಇತ್ತು. ಒಂದು ದಿನ ಅದರ ಮಾಲೀಕ ಪದರ ಬಿಚ್ಚಿ ಬಾಯಿ ಬಿಟ್ಟಿದ್ದ ಒಂದು ಸ್ಕೀ ಹಿಡಿದು ನಿಂತಿದ್ದ. ನೋಡಿದೆ. ಮೇಲೆ ಬಣ್ಣ, ಕೆಳಗೆ ಪ್ಲಾಸ್ಟಿಕ್, ಎರಡೂ ಬದಿಗೆ ಉಕ್ಕಿನ ಅಂಚು, ಆದರೆ ಹೊಟ್ಟೆಯೊಳಗೆ ಕಟ್ಟಿಗೆ! ತೆಳ್ಳಗೆ ಸೀಳಿ, ಪಟ್ಟಿ ಪಟ್ಟಿ ಸೇರಿಸಿ ಅಂಟಿಸಿದ ಕಟ್ಟಿಗೆ. ನನಗೆ ನಮ್ಮ ಊರಿನವರೇ ಸಿಕ್ಕಷ್ಟು ಸಂತೋಷವಾಯಿತು. ಅಂಟು ಹಚ್ಚಿ, ಬಿಗಿದು, ಎರಡು ದಿನ ಒಲೆಯ ಪಕ್ಕ ಒಣಗಿಸಿ ಕೊಟ್ಟೆ. ಮೂರನೆಯ ದಿನದಿಂದ ಅಲ್ಲಿ ನನ್ನನ್ನು ‘ಉಸ್ತಾದ್’ ಎಂದು ಕರೆಯತೊಡಗಿದರು. ಆ ಒಂದು ಶಬ್ದ ನನ್ನ ತಲೆ ಕೆಡಿಸಿತು ಎಂದು ಈಗ ಅನ್ನಿಸುತ್ತದೆ.

ಗಲಾಯಿಯವರ ಮಗಳು ಆ ಹಿಮದಲ್ಲೇ ಬೆಳೆದವಳು. ಮನೆಯಲ್ಲಿ ನಮ್ಮ ಕನ್ನಡ, ಬೀದಿಯಲ್ಲಿ ಹಿಂದಿ, ಕಾಲಿಗೆ ಸ್ಕೀ. ನನಗೆ ಕಾಕಾ ಅನ್ನುತ್ತಿದ್ದಳು. ಅವಳು ಇಳಿಜಾರಿನ ಮೇಲಿಂದ ಬರುವುದನ್ನು ಮೊದಲ ಸಲ ನೋಡಿದಾಗ ನನ್ನ ಕೈಯಲ್ಲಿದ್ದ ಚಹಾ ಚೆಲ್ಲಿತ್ತು. ಬಿದ್ದಳು ಅಂದುಕೊಂಡರೆ ಬೀಳುತ್ತಿರಲಿಲ್ಲ, ನಿಂತಳು ಅಂದುಕೊಂಡರೆ ನಿಲ್ಲುತ್ತಿರಲಿಲ್ಲ. ನೀರು ಹರಿದು ಬಂದ ಹಾಗೆ ಬಂದು ನನ್ನ ಮುಂದೆ ಸರ್ರನೆ ಅಡ್ಡ ತಿರುಗಿ ನಿಂತು, ನನ್ನ ಮುಖಕ್ಕೆಲ್ಲ ಹಿಮ ಎರಚಿ, “ಹೆದರಿದ್ರೇನ್ರಿ ಕಾಕಾ?” ಎಂದಿದ್ದಳು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಅವಳಿಗೆ ಹದಿನೇಳು. ಹೊರದೇಶದಲ್ಲಿ ನಡೆಯುವ ಪಂದ್ಯಕ್ಕೆ ಒಂದು ತಂಡ ಕಳಿಸುವ ಮಾತು ನಡೆದಿತ್ತು. ಹುಡುಗಿಯರಿಗೆ ಅದರಲ್ಲಿ ಒಂದೇ ಜಾಗ. ಆಯ್ಕೆ ಪ್ರತಿ ಎರಡನೆಯ ಚಳಿಗಾಲಕ್ಕೊಮ್ಮೆ. ಒಂದೇ ದಿನದಲ್ಲಿ ಬೆಳಗ್ಗೆ ಕಲ್ಲಿನಂತೆ ಗಟ್ಟಿಯಾದ ಹಿಮದ ಮೇಲೆ ಓಡಿಸುತ್ತಿದ್ದರು, ಮಧ್ಯಾಹ್ನ ಯಾರೂ ತುಳಿಯದ ಮೆತ್ತನೆಯ ಹಿಮದಲ್ಲಿ, ಸಂಜೆಯ ಮುಂದೆ ಕರಗಿ ಅಂಬಲಿಯಾದ ಹಿಮದಲ್ಲಿ. ಉಳಿದ ಹುಡುಗಿಯರ ಹತ್ತಿರ ಒಂದೊಂದಕ್ಕೆ ಒಂದೊಂದು ಜೋಡಿ ಇರುತ್ತಿತ್ತು. ನಮ್ಮ ಹುಡುಗಿಗೆ ಒಂದೇ ಜೋಡಿ. ಹೀಗಾಗಿ ಆ ಒಂದು ಜೋಡಿ ಎಲ್ಲ ಹಿಮಕ್ಕೂ ಸಲ್ಲಬೇಕು. ಅದನ್ನು ಆರಿಸುವುದರಲ್ಲೇ ಅವಳ ಜಾಗ ಇತ್ತು.

ಆ ವರ್ಷ ಚಳಿಗಾಲ ಮುಗಿದು ನಾನು ಊರಿಗೆ ಬಂದ ಮೇಲೆ, ಹೊರದೇಶದ ಪ್ರವಾಸಿಗರು ಮೂರು ಜೋಡಿ ಹಳೆಯ ಸ್ಕೀ ಬಿಟ್ಟು ಹೋದರಂತೆ. ಅಂಗಡಿಯ ಮಾಲೀಕ ಅವಳಿಗೆ, “ಒಂದು ಇಟ್ಟುಕೋ, ಎರಡು ತಿರುಗಿ ತಂದುಕೊಡು” ಎಂದಿದ್ದ. ಹಿಮವೆಲ್ಲ ಕರಗಿಹೋಗಿತ್ತು, ಅಲ್ಲಿ ಓಡಿಸಿ ನೋಡುವ ಹಾಗಿರಲಿಲ್ಲ. ಮೇ ತಿಂಗಳಲ್ಲಿ ಸೋದರತ್ತೆಯ ಮಗಳ ಲಗ್ನಕ್ಕೆ ಬಂದಳಲ್ಲ, ಮೂರೂ ಜೋಡಿ ಹೊತ್ತುಕೊಂಡೇ ಬಂದಳು!

ಮೀರಜದಿಂದ ಬಂದ ಎಸ್‌ಟಿ ಬಸ್ಸಿನ ಮಾಡಿನ ಮೇಲೆ ಕೌದಿಯಲ್ಲಿ ಸುತ್ತಿದ ಗಂಟು. ಇಳಿಸುವಾಗ ಇದೇನೆಂದು ಕಂಡಕ್ಟರ್ ಮರಾಠಿಯಲ್ಲಿ ಕೇಳಿದ, “ಹೇ ಕಾಯ ಆಹೇ, ಪೋರೀ?”

“ಕೂರಿಗಿ,” ಎಂದಳು ಹುಡುಗಿ, ಮುಖ ಸ್ವಲ್ಪವೂ ಅಲುಗಿಸದೆ.

“ಇಷ್ಟು ಉದ್ದದ ಕೂರಿಗಿ?”

“ನಮ್ಮ ಹೊಲಾ ಭಾಳ ದೊಡ್ಡದೈತ್ರಿ.”

ನನ್ನ ಕಟ್ಟೆಯ ಮೇಲೆ ಕೌದಿ ಬಿಚ್ಚಿದಾಗ ಅರ್ಧ ಓಣಿ ಸೇರಿತು. ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಬಂದಳು. ನಮ್ಮ ಹಿಂದಿನ ಓಣಿಯ ಚಾಚಾ ಕೂಡ ಬಂದರು. ಚಾಚಾ ಎಂದರೆ ಎತ್ತುಗಳ ವಿಷಯದಲ್ಲಿ ನಮ್ಮೂರಿಗೇ ದೊಡ್ಡ ಮನುಷ್ಯ. ಎತ್ತು ಕೊಳ್ಳುವವರು ಅವರನ್ನು ಕರೆದುಕೊಂಡೇ ಸಂತೆಗೆ ಹೋಗುತ್ತಿದ್ದರು. ಅವರು ಸ್ಕೀಗಳ ಸುತ್ತ ಒಂದು ಸುತ್ತು ಬಂದು, ಮೂತಿ ಮೇಲೆತ್ತಿದ್ದ ಕೆಂಪು ಜೋಡಿಯ ಮೇಲೆ ಕೈ ಆಡಿಸಿ, “ಇದು ಜಾತಿವಂತ ಐತಿ. ಇದನ್ನ ಹಿಡಿ,” ಎಂದರು.

“ಚಾಚಾ, ಹಲ್ಲು ನೋಡೋದಿಲ್ರಿ?” ಎಂದಳು ಹುಡುಗಿ.

“ಬಾಲಾನೂ ಇಲ್ಲ, ಹಲ್ಲೂ ಇಲ್ಲ, ಏನು ನೋಡ್ಲಿ ಬೇಟಾ? ಬಣ್ಣಾ ನೋಡ್ದೆ!”

ನಿಜ ಹೇಳುತ್ತೇನೆ, ನನ್ನ ಕಣ್ಣೂ ಆ ಕೆಂಪು ಜೋಡಿಯ ಮೇಲೇ ಇತ್ತು. ಅವಳಿಗಿಂತ ಒಂದು ಗೇಣು ಎತ್ತರ, ಸಪೂರ, ಬಿದಿರಿನಂತೆ ಗಟ್ಟಿ. ಇನ್ನೊಂದು ನೀಲಿ ಜೋಡಿ ನಡುವಿನಲ್ಲಿ ಅಗಲ, ಮೈ ಮೆತ್ತಗೆ. ಮೂರನೆಯದು ಕಪ್ಪು. ನೋಡಲು ಏನೂ ಇಲ್ಲ. ಅಲ್ಲಲ್ಲಿ ಗೀರು, ಬಣ್ಣ ಹಾರಿದೆ. ಎತ್ತರ ಅವಳ ಹುಬ್ಬಿಗೆ ಬರುವಷ್ಟು. ಮುಂದೆ ಹಿಂದೆ ಅಗಲ, ನಡುವೆ ಸೊಂಟ ಹಿಡಿದ ಹಾಗೆ ಕಿರಿದು. ಆ ಆಕಾರ ಆಗಷ್ಟೇ ಹೊಸದಾಗಿ ಬಂದಿತ್ತು.

ಕಟ್ಟಿಗೆಯವನು ಕಟ್ಟಿಗೆಯನ್ನು ನೋಡುವ ರೀತಿ ಬೇರೆ. ಪ್ರತಿಯೊಂದನ್ನೂ ಎತ್ತಿ, ಒಂದು ಕಣ್ಣು ಮುಚ್ಚಿ, ತುದಿಯಿಂದ ತುದಿಗೆ ನೋಡಿದೆ, ತಿರುಚಿಕೊಂಡಿದೆಯೋ ಇಲ್ಲವೋ ಎಂದು. ಬೆರಳ ಗಂಟಿನಿಂದ ಉದ್ದಕ್ಕೂ ತಟ್ಟುತ್ತ ಹೋದೆ. ಒಳಗೆ ಅಂಟು ಬಿಟ್ಟಿದ್ದರೆ ಅಲ್ಲಿ ದನಿ ಸತ್ತ ಹಾಗೆ ಬರುತ್ತದೆ. ಆಮೇಲೆ ಜೋಡಿಯ ಹೊಟ್ಟೆಗೆ ಹೊಟ್ಟೆ ಸೇರಿಸಿ ನಿಲ್ಲಿಸಿದೆ. ಸ್ಕೀಯ ಬೆನ್ನು ಸ್ವಲ್ಪ ಬಿಲ್ಲಿನ ಹಾಗೆ ಬಾಗಿರುತ್ತದೆ, ಹೀಗಾಗಿ ಎರಡರ ನಡುವೆ ಸಂದು ಉಳಿಯುತ್ತದೆ. ಆ ಸಂದನ್ನು ಅಂಗೈಯಿಂದ ಹಿಸುಕಿದರೆ ಸ್ಕೀಯ ಜೀವ ಗೊತ್ತಾಗುತ್ತದೆ. ಕೆಂಪು ಜೋಡಿ ಎರಡೂ ಕೈ ಹಚ್ಚಿದರೂ ಮಣಿಯಲಿಲ್ಲ. ನೀಲಿಯದು ಮುಟ್ಟಿದರೆ ಸಾಕು, ಮುಚ್ಚಿಕೊಂಡಿತು. ಕಪ್ಪು ಜೋಡಿ ಮೊದಲು ತಡೆಯಿತು, ಆಮೇಲೆ ಮಣಿಯಿತು, ಕೈ ಸಡಿಲಿಸಿದ ಕೂಡಲೇ ನನ್ನ ಅಂಗೈಯನ್ನು ತಿರುಗಿ ದೂಡಿತು! ದೂಡಿದ್ದಕ್ಕೆ ನಾನು ನಕ್ಕುಬಿಟ್ಟೆ.

“ಹೊಸದಾಗಿ ಕಲಿಯೋರಿಗೆ ನೀಲಿ ಛಲೋ,” ಎಂದೆ. “ತಪ್ಪಿದ್ರೂ ಸಂಭಾಳಸ್ತೈತಿ. ನಿನಗ ಅದು ಬ್ಯಾಡ. ನೀ ಒತ್ತಿದಷ್ಟು ತಿರುಗಿ ಕೊಡೋದು ಬೇಕು.”

“ಕೆಂಪು ಕೊಡೂದಿಲ್ಲೇನ್ರಿ ಕಾಕಾ?”

“ಗಟ್ಟಿ ಹಿಮದಾಗ ಕೊಡ್ತೈತಿ. ಮೆತ್ತಂದ್ರಾಗ ಹುಗದು ಬಿಡ್ತೈತಿ ಅಂತ ನನಗ ಅನ್ನಸ್ತೈತಿ.”

“ಅನ್ನಸೂದು ಬ್ಯಾಡ್ರಿ,” ಎಂದಳು ಹುಡುಗಿ. “ನೋಡೇ ಬಿಡೂಣು.”

ಉಮದಿಯ ಮೇ ತಿಂಗಳಲ್ಲಿ ಹಿಮ ಎಲ್ಲಿಂದ ತರಬೇಕು? ಆ ಉಪಾಯ ಅವಳದೇ. ಚಾಚಾನ ಹಿತ್ತಲಿನ ಜೋಳದ ಕಣಕಿಯ ಬಣವಿಯನ್ನು ತೋರಿಸಿದಳು. ಒಣಗಿದ ಜೋಳದ ದಂಟಿನ ಮೇಲೆ ಕಾಲಿಟ್ಟು ಜಾರಿ ಬೀಳದವರು ನಮ್ಮ ಕಡೆ ಯಾರಿದ್ದಾರೆ? ಗಾಜಿನ ಹಾಗೆ ನುಣ್ಣಗಿರುತ್ತದೆ. ಊರ ಹೊರಗಿನ ಕೆರೆ ಒಣಗಿತ್ತು. ಅದರ ಏರಿ ಎತ್ತರಕ್ಕಿದೆ, ಹೊರಬದಿಯ ಇಳಿಜಾರು ಬರೀ ಮಣ್ಣು. ಅಲ್ಲಿ ಕಣಕಿ ಹಾಸಿದರೆ?

“ನನ್ನ ಎತ್ತು ಏನು ತಿನ್ಬೇಕು?” ಎಂದು ಚಾಚಾ ಕೂಗಿದರು. ಕೂಗುತ್ತಲೇ ಗಾಡಿ ಹೂಡಿದರು.

ಬೆಳಗ್ಗೆ ಬಿಸಿಲು ಏರುವ ಮೊದಲು ಕಲ್ಲು ಆರಿಸಿದೆವು. ಬುಡ ಮೇಲೆ, ತುದಿ ಕೆಳಗೆ ಮಾಡಿ ಎರಡು ಪದರ ಕಣಕಿ ಹಾಸಿದೆವು. ಹುಡುಗಿ ಸ್ಕೀಯ ಹೊಟ್ಟೆಗೆ ಮೇಣದ ಬತ್ತಿ ತಿಕ್ಕಿದಳು. ಮೊಣಕಾಲಿನವರೆಗೆ ಬರುವ ದಪ್ಪ ಪ್ಲಾಸ್ಟಿಕ್ ಬೂಟು ಹಾಕಿಕೊಂಡು, ಪಂಜಾಬಿ ಡ್ರೆಸ್ಸಿನ ಓಢಣಿಯನ್ನು ಸೊಂಟಕ್ಕೆ ಬಿಗಿದು, ಏರಿಯ ಮೇಲೆ ನಿಂತಳು. ಕೆಳಗೆ ಲಗ್ನಕ್ಕೆ ಬಂದ ಮಂದಿಯೆಲ್ಲ ನೆರೆದಿತ್ತು.

ಮೊದಲು ಕೆಂಪು. ಬಿಟ್ಟ ಬಾಣ! ತಿರುಗಿಸಲು ನೋಡಿದಳು, ಅದು ಅವಳ ಮಾತು ಕೇಳಲಿಲ್ಲ. ಕಣಕಿ ಮುಗಿಯಿತು, ಮಣ್ಣು ಮುಗಿಯಿತು, ಹುಡುಗಿ ಹೋಗಿ ಜಾಲಿಯ ಕಂಟಿಯಲ್ಲಿ ನಿಂತಳು. ಮಂದಿ ಹೋ ಎಂದರು. ಚಾಚಾ ತಲೆ ಮೇಲೆ ಕೈ ಹೊತ್ತು, “ಯಾ ಅಲ್ಲಾ, ಜಾತಿವಂತ ಅಂದಿದ್ದೆ, ಅದು ಓಡೂ ಎತ್ತು!” ಎಂದರು. ಮುಳ್ಳು ಕೀಳುತ್ತ ಹುಡುಗಿ ನಗುತ್ತಲೇ ಇದ್ದಳು. ನೀಲಿಯದು ತೇಲಿದ ಹಾಗೆ ಇಳಿಯಿತು, ಆದರೆ ಜೋರು ಹಿಡಿದ ಕೂಡಲೇ ತುದಿಗಳು ಗಡಗಡ ನಡುಗಿದವು. ಕೊನೆಗೆ ಕಪ್ಪು. ಅವಳು ಮೊಣಕಾಲು ಬಾಗಿಸಿ ಎಡಕ್ಕೆ ಒತ್ತಿದಳು, ಎಡಕ್ಕೆ ಬಂತು. ಬಲಕ್ಕೆ ಒತ್ತಿದಳು, ಬಲಕ್ಕೆ ಬಂತು. ಬೇಕೆಂದೇ ಕಣಕಿ ದಪ್ಪಗೆ ಗುಡ್ಡೆಯಾದಲ್ಲಿ ನುಗ್ಗಿದಳು, ಸೀಳಿಕೊಂಡು ಹೋಯಿತು. ಬರೀ ಮಣ್ಣು ಕಂಡಲ್ಲಿ ಹಾಯ್ದಳು, ತಡವರಿಸಲಿಲ್ಲ. ನಮ್ಮ ಮುಂದೆ ಬಂದು ಅಡ್ಡ ತಿರುಗಿ ನಿಂತಾಗ ಕಣಕಿಯ ಚೂರೆಲ್ಲ ಚಾಚಾನ ಗಡ್ಡದಲ್ಲಿ!

“ಇದ ರೀ ಕಾಕಾ! ಇದ ಇದ!” ಎಂದು ಕುಣಿದಳು. ಆ ಬೂಟಿನಲ್ಲಿ ಕುಣಿಯುವುದನ್ನು ನೀವು ನೋಡಬೇಕಿತ್ತು. ನನ್ನ ಕೈ ಹೇಳಿದ್ದನ್ನೇ ಅವಳ ಕಾಲು ಹೇಳಿತ್ತು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಸರಿಯೇ ಇತ್ತು.

ಇನ್ನು ತಪ್ಪಿನ ಮಾತು.

ನಮ್ಮಲ್ಲಿ ಎಡಕ್ಕೆ ಹೂಡುವ ಎತ್ತನ್ನು ಬಲಕ್ಕೆ ಹೂಡುವುದಿಲ್ಲ. ಕರುವಿದ್ದಾಗ ಯಾವ ಬದಿಗೆ ಕಲಿಸಿದರೋ ಸಾಯುವ ತನಕ ಅದೇ ಬದಿ. ಅದಲು ಬದಲು ಮಾಡಿದರೆ ಎರಡೂ ಕೆಡುತ್ತವೆ. ನೊಗ ಮಾಡುವಾಗಲೂ ನಾವು ಅದನ್ನು ಕೇಳಿಕೊಂಡೇ ಅಳತೆ ಹಿಡಿಯುತ್ತೇವೆ. ಕಪ್ಪು ಜೋಡಿಯಲ್ಲಿ ಒಂದು ಸ್ಕೀ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಗಟ್ಟಿ ಇತ್ತು. ಅದು ಎಡದ್ದು ಎಂದು ನಾನೇ ತೀರ್ಮಾನ ಮಾಡಿ, ಅದರ ಬೂಟು ಬಿಗಿಯುವ ಪಟ್ಟಿಗೆ ಕೆಂಪು ದಾರ ಕಟ್ಟಿದೆ, ಇನ್ನೊಂದಕ್ಕೆ ಹಳದಿ ದಾರ.

“ಕೆಂಪು ದಾರದ್ದು ಎಡಗಾಲಿಗೆ. ಯಾವತ್ತೂ ಬದಲ ಮಾಡಬ್ಯಾಡ.”

“ಆದ್ರ ಕಾಕಾ, ಅಲ್ಲಿ ಎಲ್ಲಾರೂ ಅದಲ ಬದಲ ಮಾಡ್ತಾರಲ್ರೀ? ಒಮ್ಮಿ ಇದು ಎಡಕ್ಕ, ಒಮ್ಮಿ ಅದು ಎಡಕ್ಕ.”

“ಅವರಿಗೇನು ತಿಳಿತೈತಿ ಕಟಗಿ? ಉಸ್ತಾದ ಯಾರು, ನಾನೋ ಅವರೋ?”

ಚಾಚಾ ಕೂಡ ತಲೆ ಹಾಕಿದರು: “ಹೌದು ಬೇಟಾ. ಬದಿ ಬದಲಿಸಿದ್ರ ಎತ್ತು ಕೆಡ್ತೈತಿ.” ಹುಡುಗಿ ದೊಡ್ಡವರ ಮಾತು ಮೀರಲಿಲ್ಲ.

ಸ್ಕೀಗೆ ಎಡ ಬಲ ಎಂಬುದು ಇಲ್ಲ. ಇದನ್ನು ನಾನು ಆಗ ಕಲಿಯಲು ಒಪ್ಪಲಿಲ್ಲ. ಬಲಕ್ಕೆ ತಿರುಗುವಾಗ ಮೈಭಾರವೆಲ್ಲ ಎಡಗಾಲಿನ ಸ್ಕೀಯ ಒಳಬದಿಯ ಅಂಚಿಗೆ ಬೀಳುತ್ತದೆ, ಎಡಕ್ಕೆ ತಿರುಗುವಾಗ ಬಲಗಾಲಿನದಕ್ಕೆ. ಹೀಗಾಗಿ ಯಾವಾಗಲೂ ಸವೆಯುವುದು ಒಳಅಂಚು, ಚಪ್ಪಲಿಯ ಹಿಮ್ಮಡಿ ಒಂದೇ ಬದಿಗೆ ಸವೆದ ಹಾಗೆ. ಅದಲು ಬದಲು ಮಾಡಿದರೆ ಹೊರಗಿನ ಹೊಸ ಅಂಚು ಒಳಗೆ ಬರುತ್ತದೆ. ಇಷ್ಟೇ ವಿಷಯ. ನನ್ನ ಎತ್ತಿನ ಲೆಕ್ಕದಿಂದಾಗಿ ಎರಡು ಚಳಿಗಾಲ ಅವಳು ಅದೇ ಒಳಅಂಚಿನ ಮೇಲೆ ಓಡಿದಳು. ಪ್ರತಿ ವಾರ ನಾನು ಅದೇ ಅಂಚನ್ನು ಅರದಿಂದ ಉಜ್ಜಿ ಚೂಪು ಮಾಡಿದೆ. ಉಕ್ಕು ತೆಳ್ಳಗಾಗುತ್ತ ಹೋಯಿತು. ಚೂಪಾಗಿರುವುದನ್ನು ನೋಡಿದೆ, ತೆಳ್ಳಗಾದದ್ದನ್ನು ನೋಡಲಿಲ್ಲ.

ಮೊದಲ ಚಳಿಗಾಲ ಊರಿನ ಸಣ್ಣ ಪಂದ್ಯಗಳಲ್ಲೆಲ್ಲ ಅವಳೇ ಮುಂದೆ. ಎರಡನೆಯ ಚಳಿಗಾಲ ಆಯ್ಕೆಯ ದಿನ ಬಂತು. ಮೂರು ನಾಲ್ಕು ದಿನದಿಂದ ಹಿಮ ಬಿದ್ದಿರಲಿಲ್ಲ, ಇಳಿಜಾರು ಬೆಳಗ್ಗೆ ಗಾಜಾಗಿತ್ತು. ನಾನೂ ಅವಳ ಅಪ್ಪನೂ ಕೆಳಗೆ ನಿಂತಿದ್ದೆವು. ಅರ್ಧ ದಾರಿಗೆ ಎಲ್ಲರಿಗಿಂತ ಮುಂದೆ ಇದ್ದಳು. ಬಲಕ್ಕೆ ತಿರುಗುವ ಒಂದು ಕಡಿದಾದ ತಿರುವು. ಎಡಗಾಲು ಒತ್ತಿದಳು. ಅಂಚು ಹಿಡಿಯಲಿಲ್ಲ. ಸ್ಕೀ ಸರ್ರೆಂದು ಹೊರಗೆ ಜಾರಿತು, ಹುಡುಗಿ ಉರುಳಿ ಉರುಳಿ ಬದಿಗೆ ಕಟ್ಟಿದ್ದ ಬಲೆಗೆ ಬಿದ್ದಳು. ತರಚು ಗಾಯ ಬಿಟ್ಟರೆ ಪೆಟ್ಟಾಗಲಿಲ್ಲ. ಆ ಜಾಗ ಮಾತ್ರ ಹೋಯಿತು.

ಅಂಗಡಿಗೆ ಒಯ್ದು ಸ್ಕೀ ತಿರುವಿ ನೋಡಿದೆ. ಎಡದ್ದರ ಒಳಅಂಚು ಒಂದು ಗೇಣಿನಷ್ಟು ಉದ್ದಕ್ಕೆ ಕಿತ್ತು ಹೊರಗೆ ಬಂದಿತ್ತು, ಬ್ಲೇಡಿನಷ್ಟು ತೆಳ್ಳಗೆ. ಹೊರಅಂಚು ಹೊಸದರ ಹಾಗೆ ಹೊಳೆಯುತ್ತಿತ್ತು. ನೋಡಿದ ಕ್ಷಣಕ್ಕೇ ನನಗೆ ಎಲ್ಲ ಗೊತ್ತಾಯಿತು. ಕೆಂಪು ದಾರ ಇನ್ನೂ ಅಲ್ಲೇ ಇತ್ತು.

ಆಗ ನಾನು ಮಾಡಿದ್ದನ್ನು ಬರೆಯಲು ಕೈ ಹಿಂದೆಗೆಯುತ್ತದೆ, ಆದರೂ ಬರೆಯುತ್ತೇನೆ. ಕಿತ್ತುಬಂದ ಅಂಚನ್ನು ಅಂಟಿಸಿ ಒಳಗೆ ತಳ್ಳಿದೆ. ಆಮೇಲೆ ಸಾಣೆ ಕಲ್ಲಿಗೆ ಹಿಡಿದು ಎರಡೂ ಸ್ಕೀಗಳ ಹೊರಅಂಚನ್ನೂ ಸವೆಸಿದೆ, ಒಳಗಿನದರಷ್ಟೇ ತೆಳ್ಳಗೆ. ಯಾರು ನೋಡಿದರೂ ಹಳೆಯದಾಯಿತು ಅನ್ನಬೇಕು, ಉಸ್ತಾದ ತಪ್ಪಿದ ಅನ್ನಬಾರದು. ಅಷ್ಟು ಛಲೋ ಜೋಡಿಯನ್ನು ನನ್ನ ಕೈಯಾರೆ ಕೊಂದೆ. ಮುಗಿಯುವಷ್ಟರಲ್ಲಿ ಹುಡುಗಿ ಅಪ್ಪನ ಜೊತೆ ಬಂದಳು.

“ಕಾಕಾ, ಏನಾತ್ರಿ? ನಾ ಒತ್ತಿದ್ದೆ. ಖರೇನೂ ಒತ್ತಿದ್ದೆ.”

ನಾನು ಅವಳ ಮುಖ ನೋಡದೆ ಹೇಳಿದೆ, “ಸ್ಕೀ ಹಳೇದಾತು ಖರೆ, ಆದ್ರ ನೀ ಬಿದ್ದದ್ದು ಅದಕ್ಕಲ್ಲವ್ವ. ನಿನ್ನ ಎಡಗಾಲು ಸ್ವಲ್ಪ ಕಚ್ಚಾ ಐತಿ. ನಾ ಮೊದಲ ನೋಡಿದ್ದೆ, ಹೇಳಿರಲಿಲ್ಲ.”

ಅವಳು ತನ್ನ ಕಾಲನ್ನು ನೋಡಿಕೊಂಡಳು. ಅದು ಯಾರದೋ ಕಾಲು ಅನ್ನುವ ಹಾಗೆ ನೋಡಿಕೊಂಡಳು. ಅಪ್ಪ ತಲೆ ಅಲ್ಲಾಡಿಸಿ, “ಉಸ್ತಾದ ಹೇಳಿದ ಮ್ಯಾಲ ಮುಗೀತು,” ಎಂದರು. ಯುಗಾದಿಗೆ ಊರಿಗೆ ಬಂದಾಗ ಚಾಚಾ ಕೇಳಿದರು, ಅವರಿಗೂ ಅದನ್ನೇ ಹೇಳಿದೆ. ಚಾಚಾಗೆ ಹೇಳಿದರೆ ಊರಿಗೆ ಹೇಳಿದ ಹಾಗೆ. ಆಮೇಲೆ ನಾನು ಮತ್ತೆ ಹಿಮಾಚಲಕ್ಕೆ ಹೋಗಲೇ ಇಲ್ಲ. ಸೊಂಟ ನೋವು ಎಂದೆ. ಅದೂ ಸುಳ್ಳು.

ಮರು ವರ್ಷದ ಮೇ ತಿಂಗಳು, ಅಂದರೆ ಹೊಸ ಶತಮಾನ ಕಣ್ಣು ಬಿಟ್ಟಿದ್ದ ಕಾಲ. ಹುಡುಗಿ ಮತ್ತೆ ಬಂದಳು, ಮತ್ತೆ ಕೌದಿ, ಮತ್ತೆ ಮೂರು ಜೋಡಿ. ಬರುವ ಚಳಿಗಾಲಕ್ಕೆ ಮತ್ತೊಂದು ಆಯ್ಕೆ ಇತ್ತು, ವಯಸ್ಸಿನ ಮಿತಿಯಿಂದಾಗಿ ಅವಳಿಗೆ ಅದೇ ಕೊನೆಯದು. ಕಟ್ಟೆಯ ಮೇಲೆ ಗಂಟು ಬಿಚ್ಚಿದಳು. ಒಂದು ಉದ್ದದ್ದು, ಓಟಕ್ಕೆ ಮಾತ್ರ ಸಲ್ಲುವಂಥದ್ದು. ಒಂದು ಹಸಿರು, ಗಿಡ್ಡ, ಮೆತ್ತಗೆ, ಹೊಸಬರಿಗೆ ಕೊಡುವಂಥದ್ದು. ಇನ್ನೊಂದು ಬೂದಿ ಬಣ್ಣದ್ದು. ನನ್ನ ಕೈ ತಾನಾಗಿಯೇ ಬೂದಿಯ ಜೋಡಿಗೆ ಹೋಯಿತು. ಹೊಟ್ಟೆಗೆ ಹೊಟ್ಟೆ ಸೇರಿಸಿ ಹಿಸುಕಿದೆ. ಅಬ್ಬಾ! ಆ ಕಪ್ಪು ಜೋಡಿ ಮತ್ತೆ ಹುಟ್ಟಿ ಬಂದ ಹಾಗೆ, ಅದಕ್ಕಿಂತ ಒಂದು ಕೈ ಮಿಗಿಲು. ನಡು ಸ್ವಲ್ಪ ಹೆಚ್ಚು ಅಗಲ, ಮೆತ್ತನೆಯ ಹಿಮಕ್ಕೆ ಆಯಿತು. ತಿರುಚಲು ಹೋದರೆ ಮೈ ಕೊಡುವುದಿಲ್ಲ, ಗಟ್ಟಿ ಹಿಮಕ್ಕೆ ಆಯಿತು. ಉಕ್ಕು ಪೂರ್ತಿ ಇದೆ.

“ಇದು!” ಎಂದೆ.

ಹುಡುಗಿ ಅದನ್ನು ಮುಟ್ಟಲಿಲ್ಲ. ಹಸಿರು ಜೋಡಿಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. “ಬ್ಯಾಡ್ರಿ ಕಾಕಾ. ಅದನ್ನ ಒತ್ತಾಕ ಎರಡೂ ಕಾಲು ಗಟ್ಟಿ ಬೇಕು. ನನ್ನ ಎಡಗಾಲು ನಿಮಗ ಗೊತ್ತೈತಲ್ರಿ? ಹಸರ ಛಲೋ. ತಪ್ಪಿದ್ರೂ ಸಂಭಾಳಸ್ತೈತಿ.”

ನನ್ನ ಮಾತೇ, ನಾನು ನೀಲಿ ಜೋಡಿಗೆ ಹೇಳಿದ ಮಾತೇ. ಇಷ್ಟು ಓಡುವ ಹುಡುಗಿ ಕಲಿಯುವವರ ಸ್ಕೀ ಕಟ್ಟಿಕೊಂಡು ಆಯ್ಕೆಗೆ ಹೋದರೆ ಜಾಗ ಸಿಕ್ಕಂತೆಯೇ! ನಾನು ಉಳಿಯ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ನನ್ನ ಹೆಂಡತಿ ನೀರು ತಂದಳು.

ನೀರು ಕುಡಿದೆ. ಆಮೇಲೆ ಎಲ್ಲ ಹೇಳಿದೆ. ದಾರ, ಅಂಚು, ಸಾಣೆ ಕಲ್ಲು, ಸೊಂಟ ನೋವು ಎಲ್ಲ. ನನ್ನ ಹೆಂಡತಿಯ ಕೈಯಲ್ಲಿದ್ದ ತಂಬಿಗೆ ಅಲ್ಲೇ ನಿಂತಿತು.

ಹುಡುಗಿ ಮಡಿಲಲ್ಲಿದ್ದ ಸ್ಕೀಯ ಅಂಚಿನ ಮೇಲೆ ಬೆರಳು ಎಳೆದಳು. ಆಮೇಲೆ ಕೇಳಿದಳು, “ಹೊರಗಿನ ಅಂಚು ಹೊಸದಿತ್ತೇನ್ರಿ?”

“ಹೊಸದಿತ್ತು.”

“ಅವತ್ತು ಬೆಳಿಗ್ಗಿ ಅದಲ ಬದಲ ಮಾಡಿದ್ರ ಸಾಕಿತ್ತು?”

“ಸಾಕಿತ್ತವ್ವ.”

“ಕಾಕಾ,” ಎಂದಳು, “ಒಂದು ವರ್ಷ, ದಿನಾ ಮುಂಜಾನೆ, ನಾ ಎಡಗಾಲಿನ ಮ್ಯಾಲೆ ಒಂಟಿ ನಿಂತು ಹಲ್ಲು ತಿಕ್ಕೇನಿ. ಅನ್ನಕ್ಕ ಇಟ್ರ ಅಕ್ಕಿ ಬೇಯೂತನಕ ಎಡಗಾಲಿನ ಮ್ಯಾಲೆ ನಿಂತೇನಿ. ಮೆಟ್ಟಿಲಾ ಎಲ್ಲಾ ಎಡಗಾಲಿಲೆ ಹತ್ತೇನಿ. ಬಾಜೂಕಿನವರು ಹುಚ್ಚಿ ಅಂದ್ರು!”

ನಾನು ಕೈ ಮುಗಿದೆ. ಅವಳು ಅಳುತ್ತಾಳೆ ಅಂದುಕೊಂಡೆ, ಬಯ್ಯುತ್ತಾಳೆ ಅಂದುಕೊಂಡೆ. ಅವಳು ಹಸಿರು ಜೋಡಿಯನ್ನು ನೆಲಕ್ಕೆ ಬಿಟ್ಟು ಎದ್ದು ನಿಂತಳು. ನಿಂತದ್ದು ಎಡಗಾಲಿನ ಮೇಲೆ. ಬಲಗಾಲು ಮಡಚಿ ಮೇಲೆತ್ತಿ ಕೊಕ್ಕರೆಯ ಹಾಗೆ ನಿಂತಳು, ನಿಂತೇ ಇದ್ದಳು, ಒಂದು ಚೂರೂ ಅಲುಗಲಿಲ್ಲ.

“ಹಂಗಾದ್ರ,” ಎಂದಳು ನಿಧಾನಕ್ಕೆ, ಒಳಗಿನಿಂದ ಏನೋ ಬೆಳಗಿದ ಹಾಗೆ ಕಣ್ಣು ಅರಳುತ್ತ, “ಕಚ್ಚಾ ಇರಲಾರದ ಕಾಲಿಗೆ ನಾ ಒಂದು ವರ್ಷ ತಾಲೀಮು ಮಾಡೇನಿ! ಚಾಚಾಗ ಹೇಳ್ರಿ, ಕಣಕಿ ಬೇಕು!”

ಊರು ಮತ್ತೆ ಏರಿಯ ಕೆಳಗೆ ಸೇರಿತು. ಚಾಚಾ ಒಂದು ಶೀಶೆ ಹಿಡಿದು ಬಂದರು. “ಬೇಟಾ, ಮೊದಲ ಈ ಕುಸುಬಿ ಎಣ್ಣೆ ಎಡಗಾಲಿಗೆ ಹಚ್ಕೋ. ನನ್ನ ಕುಂಟು ಎತ್ತಿಗೆ ಇದನ್ನ ತಿಕ್ಕಿದ್ದೆ, ಮರುದಿನ ಗಳೆ ಹೊಡೀತು,” ಎಂದು ಬಿಡಲೇ ಇಲ್ಲ. ಹುಡುಗಿ ನನ್ನ ಕಡೆ ಒಮ್ಮೆ ನೋಡಿ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡಳು. ಬೂಟು ಹಾಕಿದಳು. ಬೂದಿ ಬಣ್ಣದ ಜೋಡಿಯಲ್ಲಿ ಒಂದನ್ನು ಮಾತ್ರ ತೆಗೆದುಕೊಂಡಳು.

“ಇನ್ನೊಂದು?” ಎಂದೆ.

“ಹಿಡಕೊಂಡು ನಿಂದರ್ರಿ ಕಾಕಾ. ಅದ ನಿಮಗ ಶಿಕ್ಷಾ.”

ಒಂದೇ ಸ್ಕೀ, ಅದೂ ಎಡಗಾಲಿಗೆ. ಬಲಗಾಲು ಗಾಳಿಯಲ್ಲಿ. ಮೇಲಿಂದ ಬಿಟ್ಟುಕೊಂಡಳು. ಕಣಕಿ ಚರಚರ ಸದ್ದು ಮಾಡಿತು. ಬಲಕ್ಕೆ ತಿರುಗಿದಳು, ಅದೇ ತಿರುವು, ಅದೇ ಕಾಲು, ಅದೇ ಒಳಅಂಚು. ಹಿಡಿಯಿತು! ಆಮೇಲೆ ಎಡಕ್ಕೆ, ಅದೇ ಸ್ಕೀಯ ಹೊರಅಂಚಿನ ಮೇಲೆ. ಹಿಡಿಯಿತು! ಗುಡ್ಡೆಯಾದ ಕಣಕಿಯನ್ನು ಒಂದೇ ಕಾಲಲ್ಲಿ ಸೀಳಿ, ನನ್ನ ಎದುರಿಗೆ ಬಂದು ಸರ್ರನೆ ತಿರುಗಿ ನಿಂತಳು. ಕಾಲು ಕೆಳಗೆ ಇಡಲಿಲ್ಲ. ನಾನು ಇನ್ನೊಂದು ಸ್ಕೀಯನ್ನು ತಬ್ಬಿಕೊಂಡು ಎಲ್ಲರೆದುರು ಅಳುತ್ತ ನಗುತ್ತ ನಿಂತಿದ್ದೆ.

“ಏನು ಕಡಿಮಿ ಐತ್ರಿ ಈ ಕಾಲಿಗೆ?” ಎಂದು ಅವಳು ಊರಿಗೆ ಕೇಳಿಸುವ ಹಾಗೆ ನನಗೆ ಕೇಳಿದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಚಾಚಾ ಶೀಶೆಯನ್ನು ಮೇಲೆತ್ತಿ ಕೂಗಿದರು: “ನೋಡ್ರಪ್ಪೋ! ಹಚ್ಚಿ ಅರ್ಧ ತಾಸು ಆಗಿಲ್ಲ! ನನ್ನ ಕುಸುಬಿ ಎಣ್ಣೆ!”

ಮಂದಿ ಹೋ ಎಂದು ನಕ್ಕರು, ಚಾಚಾನ ಬೆನ್ನು ತಟ್ಟಿದರು. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಹೇಳಲು ಅದೇ ಗಳಿಗೆ. ನಾನು ಹೇಳಲಿಲ್ಲ. ಹೊರಡುವ ದಿನ ಬಸ್ಸಿನ ಕಿಟಕಿಯಿಂದ ಅವಳು ಒಂದೇ ಮಾತು ಅಂದಳು, “ಅಪ್ಪಗ ನಾ ಹೇಳ್ತೀನ್ರಿ. ಊರಿಗೆ ನೀವ ಹೇಳ್ಬೇಕು.”

ಆ ಚಳಿಗಾಲ ಒಂದು ಮಧ್ಯಾಹ್ನ ಬಸ್ ನಿಲ್ದಾಣದ ಎಸ್‌ಟಿಡಿ ಅಂಗಡಿಯಿಂದ ನನಗೆ ಕರೆ ಬಂತು. ಓಡಿ ಹೋದೆ. “ಕಾಕಾ, ಜಾಗಾ ನಂದು!” ಎಂದು ಕಿವಿ ಹರಿಯುವ ಹಾಗೆ ಕೂಗಿದಳು. “ಮುಂಜಾನೆ ಒಂದು ಕಡೆ, ಮಧ್ಯಾಹ್ನ ಅದಲ ಬದಲ ಮಾಡಿದೆ. ಮೂರೂ ಹಿಮಕ್ಕ ಒಂದ ಜೋಡಿ! ಊರಿಗೆ ಹೇಳಿದ್ರಿ?”

ಲೈನು ಸರಿ ಇಲ್ಲ, ಕೇಳಿಸುತ್ತಿಲ್ಲ ಎಂದೆ. ಲೈನು ಚೆನ್ನಾಗಿಯೇ ಇತ್ತು.

ಅವಳು ಈಗ ಅಲ್ಲಿಯೇ ಸಣ್ಣವರಿಗೆ ಕಲಿಸುತ್ತಾಳೆ. ಯಾರು ಕೇಳಿದರೂ ಸ್ಕೀ ಆರಿಸಿಕೊಡುತ್ತಾಳಂತೆ, ಹೊಟ್ಟೆಗೆ ಹೊಟ್ಟೆ ಹಚ್ಚಿ ಹಿಸುಕಿ ನೋಡಿ. ಊರಿನಲ್ಲಿ ಮಾತ್ರ ಇನ್ನೂ ಕಚ್ಚಾ ಕಾಲಿನ ಕಥೆ ನಡೆದಿದೆ. ಚಾಚಾಗೆ ಕಣ್ಣು ಕಾಣುವುದಿಲ್ಲ, ಆದರೂ ಮೊಣಕಾಲು ನೋವು ಅಂದವರಿಗೆಲ್ಲ ಆ ಎಣ್ಣೆ ಕೊಡುತ್ತಾರೆ, ಜೊತೆಗೆ ಆ ಕಥೆಯನ್ನೂ. ಅವರ ಎಣ್ಣೆಯ ಹೆಸರು ಕೆಡಿಸುವುದು ನನಗೆ ಇಷ್ಟವಿಲ್ಲ. ಆದರೆ ಅದು ಆ ಹುಡುಗಿಯ ಕಾಲು. ನಾಳೆ ಶುಕ್ರವಾರ. ನಮಾಜು ಮುಗಿಸಿ ಅವರು ಚಹಾದ ಅಂಗಡಿಗೆ ಬಂದು ಕೂಡುತ್ತಾರೆ, ಎಲ್ಲರೂ ಇರುತ್ತಾರೆ. ಈ ಹಾಳೆಗಳನ್ನು ಒಯ್ದು, ಮೊದಲ ಸಾಲಿನಿಂದ, ಗಟ್ಟಿಯಾಗಿ ಓದಬೇಕು.